ಒಣಹುಲ್ಲಿನ ಬಣ್ಣ

“ಹಳದಿ ಅಂಗಿ ಯಾಕೆ ತೆಗೆದಿಟ್ಟಿದ್ದೀಯ, ನನ್ನನ್ನೇನು ಮತ್ತೆ ಮದುಮಗ ಮಾಡಬೇಕು ಅಂತಿದ್ದೀಯಾ” ಎಂದು ಮೇಸ್ತ್ರಿ ಕೇಳಿದ್ದು ತಮಾಷೆಗೆ. ಒಳಗಿನಿಂದ ಹೆಂಡತಿ, “ಯಾವ ಹಳದಿ? ಬಿಳೀ ಅಂಗಿ ರೀ ಅದು. ಮೊನ್ನೆ ತಾನೇ ನೀಲಿ ಹಾಕಿ ಒಗೆದಿದ್ದೀನಿ, ಕಣ್ಣು ಎಲ್ಲಿಟ್ಟಿದ್ದೀರಿ” ಅಂದಳು. ಅವಳ ದನಿಯಲ್ಲಿ ವಿಶೇಷವೇನೂ ಇರಲಿಲ್ಲ, ದಿನಾ ಬೈಯುವ ದನಿಯೇ. ಮೇಸ್ತ್ರಿ ಅಂಗಿ ಹಿಡಿದುಕೊಂಡು ಕಿಟಕಿಯ ಹತ್ತಿರ ಹೋದ. ಹಳದಿ. ಬಾಗಿಲಿಗೆ ಬಂದ, ಅಲ್ಲೂ ಹಳದಿ. ಹೊರಗಿನ ಬಿಸಿಲಿಗೆ ಬಿಡಿಸಿ ಹಿಡಿದರೆ ಹಳೇ ಕಾಗದದ ಬಣ್ಣ. ಗೋಡೆಯ ಕಡೆ ನೋಡಿದ, ಅದೂ ಹಾಗೇ ಕಂಡಿತು. ಆ ಗೋಡೆಗೆ ಕಳೆದ ಬೇಸಿಗೆಯಲ್ಲಿ ಸುಣ್ಣ ಹೊಡೆದವನು ಅವನೇ. ಸುಣ್ಣ ಹಳದಿ ಇರುವುದಿಲ್ಲ ಅನ್ನುವಷ್ಟು ಬುದ್ಧಿ ಅವನಿಗಿತ್ತು. ತೋಳು ತೂರಿಸಿದ, ಗುಂಡಿ ಹಾಕಿಕೊಂಡ. ಒಂದು ಗುಂಡಿ ತಪ್ಪಿ ಪಕ್ಕದ ಕಾಜಕ್ಕೆ ಹೋಯಿತು, ಬಿಚ್ಚಿ ಮತ್ತೆ ಹಾಕಿಕೊಂಡ. ಆಗಲೇ ಬೆಳಿಗ್ಗೆ ತನ್ನ ಕುಲುಮೆಯಲ್ಲಿ ಹದ ಹಾಕಿ ಕೊಟ್ಟ ಉಳಿ ನೆನಪಾಯಿತು.

ಹದ ಹಾಕುವುದು ಕೈಯ ಕೆಲಸ ಅಂತ ಜನ ತಿಳಿದಿದ್ದಾರೆ. ಅದು ಕಣ್ಣಿನ ಕೆಲಸ. ಕಲ್ಲು ಕೆತ್ತುವ ಉಳಿಯನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ತುದಿಯನ್ನಷ್ಟೇ ನೀರಿಗೆ ಅದ್ದಿ ಎತ್ತಿದರೆ ಆ ತುದಿ ಗಾಜಿನಷ್ಟು ಗಡುಸಾಗಿರುತ್ತದೆ. ಹಾಗೇ ಬಿಟ್ಟರೆ ಕಲ್ಲಿನ ಮೇಲೆ ಇಟ್ಟು ಹೊಡೆದಾಗ ಚೂರಾಗುತ್ತದೆ. ಅದಕ್ಕೇ ತುದಿಯನ್ನು ಮರಳುಗಲ್ಲಿನಲ್ಲಿ ಉಜ್ಜಿ ಬೆಳ್ಳಗೆ ಮಾಡಿ ಸುಮ್ಮನೆ ಕಾಯಬೇಕು. ಹಿಂದೆ ಉಳಿದ ಬಿಸಿ ಮೆಲ್ಲಗೆ ಮುಂದಕ್ಕೆ ಹರಿಯುತ್ತದೆ, ಬರುವಾಗ ಬಣ್ಣಗಳನ್ನೂ ಕರೆದುಕೊಂಡು ಬರುತ್ತದೆ. ಮೊದಲು ಒಣಹುಲ್ಲು, ಅದರ ಬೆನ್ನಿಗೆ ಜೇನು, ಆಮೇಲೆ ನೇರಳೆ, ಕೊನೆಗೆ ಪಾರಿವಾಳದ ಕುತ್ತಿಗೆ. ಇವೆಲ್ಲ ಅಪ್ಪ ಇಟ್ಟ ಹೆಸರುಗಳು. ಮರ ಕೆತ್ತುವ ಉಳಿಗೆ ಜೇನು, ಸ್ಪ್ರಿಂಗಿಗೆ ಪಾರಿವಾಳ, ಕಲ್ಲಿಗೆ ಒಣಹುಲ್ಲು. ಹುಲ್ಲು ಬಂದು ಅಂಚನ್ನು ಮುಟ್ಟಿತೋ, ಪೂರ್ತಿ ಅದ್ದಿಬಿಡಬೇಕು. ತಡವಾದರೆ ಉಳಿ ಮೆತ್ತಗಾಗಿ ಮಡಚಿಕೊಳ್ಳುತ್ತದೆ, ಬೇಗ ಅದ್ದಿದರೆ ಮುರಿಯುತ್ತದೆ. ಸುಣ್ಣದ ಗೋಡೆಯೇ ಹಳದಿ ಕಾಣುವವನಿಗೆ ಉಜ್ಜಿದ ಉಕ್ಕು ಯಾವ ಬಣ್ಣ ಕಂಡೀತು? ಇವತ್ತು ಬೆಳಿಗ್ಗೆ ಅವನು ಕಾದೇ ಇರಲಿಲ್ಲ. ಉಜ್ಜಿ ಎತ್ತುವಷ್ಟರಲ್ಲಿ ಹುಲ್ಲು ಬಂದು ಕೂತಿತ್ತು. ಬೆಂಕಿ ಎಷ್ಟು ಚುರುಕಾಗಿದೆ ಇವತ್ತು, ಕೈ ಇನ್ನೂ ಪಳಗುತ್ತಲೇ ಇದೆಯಲ್ಲ ಅಂತ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ.

ಉಳಿ ತೆಗೆದುಕೊಂಡು ಹೋಗಲು ಅಕ್ಕ ಬಂದಿದ್ದಳು. ಈಗೀಗ ಅವಳೇ ಬರುತ್ತಾಳೆ. ಮೊದಲೆಲ್ಲ ಭಾವ ಬರುತ್ತಿದ್ದರು, ಕುಲುಮೆಯ ಹೊರಗಿನ ಬೆಂಚಿನ ಮೇಲೆ ಕೂತು ಕಲ್ಲಿನ ಮೇಲೆ ದೂರು ಹೇಳುತ್ತಿದ್ದರು, ಹೆಂಡತಿಯ ಮೇಲೆ ದೂರುವ ಹಾಗೆ. ಈಗ ಅವರಿಗೆ ಬಿಡುವಿಲ್ಲ ಅಂತ ಅಕ್ಕ ಬಟ್ಟೆಯ ಚೀಲ ಹಿಡಿದು ಬರುತ್ತಾಳೆ, ಟೀ ಕುಡಿಯುತ್ತಾಳೆ, ತಮ್ಮನ ಹೆಂಡತಿಯ ಜೊತೆ ಹರಟುತ್ತಾಳೆ, ಹೋಗುವಾಗ ಉಳಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ “ಚೆನ್ನಾಗಿದೆ ಕಣೋ” ಅಂದು ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಇವತ್ತಿನದು ಒಂದೇ ಉಳಿ, ಬೆರಳಿನಷ್ಟು ಸಣ್ಣದು. ಕಣ್ಣು ಬಿಡಿಸುವುದಕ್ಕೆ. ನೀರಿನ ಕಚೇರಿಯ ಮುಂದೆ ನಿಲ್ಲಿಸುವುದಕ್ಕೆ ಅಂತ ಭಾವ ಒಂದು ಹೆಂಗಸನ್ನು ಕೆತ್ತುತ್ತಿದ್ದರು, ಕೊಡ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟು ಸುಧಾರಿಸಿಕೊಳ್ಳುತ್ತಿರುವ ಹೆಂಗಸು, ಮನುಷ್ಯರಿಗಿಂತ ಎತ್ತರ. ಅದಕ್ಕೆ ಎಷ್ಟು ಮಳೆಗಾಲ ಹೋಯಿತೋ ಅವರಿಗೇ ಲೆಕ್ಕವಿಲ್ಲ. ಕಣ್ಣು ಮಾತ್ರ ಉಳಿದಿತ್ತು. ಭಾವ ಯಾವಾಗಲೂ ಕಣ್ಣನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. “ಮೊದಲೇ ಕಣ್ಣು ಮಾಡಿದರೆ ಅವಳು ನಾನು ಮಾಡೋದನ್ನೇ ನೋಡ್ತಾ ಕೂತ್ಕೋತಾಳೆ, ನನಗೆ ನಾಚಿಕೆ” ಅನ್ನುತ್ತಾರೆ. ಕೆತ್ತುವಾಗ ಹಾಕಿಕೊಳ್ಳಬೇಕಾದ ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿಟ್ಟಿರುತ್ತಾರೆ, ಅದು ಕಣ್ಣಿನ ಮುಂದಿದ್ದರೆ ಕಲ್ಲು ಕಾಣುವುದಿಲ್ಲವಂತೆ. ರೆಪ್ಪೆಯ ಅಂಚು ಬಿಡಿಸುವಾಗ ಅವರ ಮುಖ ಕಲ್ಲಿನ ಮುಖದಿಂದ ಒಂದು ಗೇಣೂ ದೂರ ಇರುವುದಿಲ್ಲ. ಉಳಿಯ ತುದಿ ಸಿಡಿದರೆ ಕಲ್ಲಿನ ಕಣ್ಣು ಹೋಗುತ್ತದೆ, ಇಲ್ಲವೇ ಭಾವನ ಕಣ್ಣು ಹೋಗುತ್ತದೆ. ಎರಡೂ ಹೋಗಬಹುದು. ಮೇಸ್ತ್ರಿ ಅಂಗಿಯ ಗುಂಡಿಯನ್ನು ಹಿಡಿದುಕೊಂಡೇ ನಿಂತಿದ್ದ.

ಫೋನು ಮಾಡಿದ. ತುಂಬ ಹೊತ್ತು ಹೊಡೆದುಕೊಂಡ ಮೇಲೆ ಅಕ್ಕ ಎತ್ತಿದಳು.

“ಏನೋ?”

“ಏನಿಲ್ಲ. ಊಟ ಆಯ್ತಾ ಅಂತ.”

“ಬೆಳಿಗ್ಗೆ ತಾನೇ ನಿನ್ನ ಮನೇಲಿ ಕೂತು ಬಂದಿದ್ದೀನಿ, ಅಷ್ಟರೊಳಗೆ ಊಟ ವಿಚಾರಿಸ್ತಿದ್ದೀಯಲ್ಲ, ಜ್ವರ ಗಿರ ಬಂದಿದೆಯಾ?”

“ಭಾವ ಶುರು ಮಾಡಿದ್ರಾ?”

“ಎಲ್ಲಿ. ಮಲಗಿದ್ದಾರೆ. ಬಿಸಿಲು ಓರೆಯಾಗಲಿ ಅಂತಾರೆ. ನೆರಳು ಬಿದ್ದರೇನೇ ರೆಪ್ಪೆ ಗೊತ್ತಾಗೋದಂತೆ. ಯಾಕೋ?”

ಆ ಉಳಿ ಮುಟ್ಟಬೇಡಿ ಅಂತ ಹೇಳಿ, ನನಗೆ ಬಣ್ಣ ಕಾಣಿಸ್ತಿಲ್ಲ ಅಕ್ಕ. ಇಷ್ಟೇ ಮಾತು. ನಾಲಿಗೆಯ ತುದಿಯವರೆಗೆ ಬಂದಿತ್ತು. “ಸುಮ್ನೆ ಕೇಳಿದೆ” ಅಂದು ಇಟ್ಟುಬಿಟ್ಟ. ಇಟ್ಟ ಮೇಲೆ ತನ್ನ ಮೇಲೇ ಅಸಹ್ಯ ಬಂತು. ಭಾವ ನಿದ್ದೆಯಲ್ಲಿದ್ದಾರೆ ಅನ್ನುವುದೊಂದೇ ಸಮಾಧಾನ. ಬಿಸಿಲು ಓರೆಯಾಗುವುದರೊಳಗೆ ನಡೆದೇ ಹೋಗಿ ತಲುಪಬಹುದು, ಎದುರಿಗೆ ನಿಂತರೆ ಮಾತು ತಾನಾಗಿ ಬರಬಹುದು. ಹೆಂಡತಿ ಎಲ್ಲಿಗೆ ಅಂತ ಕೇಳಿದಳು. “ಬಂದೆ” ಅಂತಷ್ಟೇ ಹೇಳಿ ಹೊರಟ.

ಬೀದಿಯೆಲ್ಲ ಒಣಹುಲ್ಲಿನ ಬಣ್ಣದಲ್ಲಿ ತೇಲುತ್ತಿತ್ತು. ಎಂದಿನಿಂದ ಹೀಗಿತ್ತೋ. ಒಂದು ದಿನದಲ್ಲಿ ಆದದ್ದಲ್ಲ, ಹಾಲಿಗೆ ನೀರು ಬೆರೆಸುವವನ ಹಾಗೆ ಯಾರೋ ದಿನಕ್ಕೊಂದು ಹನಿ ಹಳದಿ ಬೆರೆಸುತ್ತಾ ಬಂದಿದ್ದಾರೆ, ಇವನು ಕುಡಿಯುತ್ತಾ ಬಂದಿದ್ದಾನೆ. ಮಹಡಿಗಳ ಮೇಲೆ ಒಣಗಲು ಹಾಕಿದ ಬಟ್ಟೆ, ಬಸ್ಸಿನ ಗಾಜು, ಎದುರಿಗೆ ಬರುವವರ ಹಲ್ಲು, ಮೋಡ, ಎಲ್ಲಕ್ಕೂ ಅದೇ ಮಂದ ಬಂಗಾರ. ನಿಜ ಹೇಳಬೇಕೆಂದರೆ ನೋಡುವುದಕ್ಕೆ ಚೆನ್ನಾಗಿತ್ತು. ಇಡೀ ಊರೇ ಹದಕ್ಕೆ ಬಂದು ನಿಂತಿದೆ, ಯಾರಾದರೂ ದೊಡ್ಡ ಇಕ್ಕಳದಲ್ಲಿ ಎತ್ತಿ ನೀರಿಗೆ ಅದ್ದಿದರೆ ಆಯಿತು ಅನ್ನಿಸಿ ನಗು ಬಂತು. ನಗು ಬಂದದ್ದಕ್ಕೆ ಭಯವಾಯಿತು. ಅಪ್ಪ ಮೊದಲ ಸಲ ಒಣಹುಲ್ಲು ಅಂದಾಗ ಇವನಿನ್ನೂ ಇಕ್ಕಳ ಹಿಡಿಯಲು ಕಲಿಯುತ್ತಿದ್ದ. ಅಪ್ಪ ಗಾಳಿಯ ತಿದಿ ಒತ್ತುತ್ತಾ, ಹುಲ್ಲು ಬಂದಾಗ ಹೇಳು ಅಂತ ಆಚೆ ತಿರುಗಿದರು. ಇವನು ಕಣ್ಣು ಮಿಟುಕಿಸದೆ ನೋಡಿದ. ಉಕ್ಕು ಹಳದಿಯಾಯಿತು, ಕಂದಾಯಿತು, ನೇರಳೆಯಾಯಿತು, ನೀಲಿಯಾಗಿ ಬೂದು ಬಣ್ಣಕ್ಕೆ ತಿರುಗಿತು. ಇವನು ಬಾಯಿ ಬಿಡಲಿಲ್ಲ. “ಯಾಕೋ ಹೇಳಲಿಲ್ಲ” ಅಂದರೆ, “ಹಸಿರು ಬರಲೇ ಇಲ್ಲವಲ್ಲಪ್ಪ” ಅಂದ. ಹುಲ್ಲು ಅಂದಮೇಲೆ ಹಸಿರು ತಾನೇ. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಅವತ್ತಿನಿಂದ ಅಕ್ಕನ ಬಾಯಲ್ಲಿ ಇವನಿಗೆ ‘ಹಸಿರಾ’ ಅಂತಲೇ ಹೆಸರು. ಅವಳಿಗೆ ಮಾತ್ರ ಯಾರೂ ಹೇಳಿಕೊಡದೆ ಬಣ್ಣ ಗೊತ್ತಾಗುತ್ತಿತ್ತು. ಪಾತ್ರೆ ಉಜ್ಜುತ್ತಾ ಹಿತ್ತಲಲ್ಲಿ ಕೂತಿದ್ದರೂ ಅಪ್ಪ “ಏನು ಬಣ್ಣ?” ಅಂತ ಕೂಗಿದರೆ ಬಂದು, ಬಗ್ಗಿ, “ಇನ್ನೂ ಬಿಳಿ... ಇನ್ನೂ... ಈಗ” ಅನ್ನುತ್ತಿದ್ದಳು. ಅವಳ ‘ಈಗ’ ಒಂದು ಸಲವೂ ತಪ್ಪಿದ್ದಿಲ್ಲ. ಅಪ್ಪ ಕೇಳುತ್ತಿದ್ದದ್ದು ಇಬ್ಬರನ್ನೂ, ಉತ್ತರ ಬರುತ್ತಿದ್ದದ್ದು ಅವಳಿಂದ. ಅಪ್ಪ ಹೋದ ಮೇಲೆ, ಅವಳ ಮದುವೆಯಾಗುವವರೆಗೂ, ಇವನು ಬೆಳಕಿಗೆ ಬೆನ್ನು ಅಡ್ಡ ಹಾಕಿ ಅವಳಿಗೆ ಕಾಣದ ಹಾಗೆ ಹದ ಹಾಕುತ್ತಿದ್ದ. ಅವಳು ಅದನ್ನು ನೋಡಿಯೂ ಏನೂ ಅನ್ನದೆ ಪಾತ್ರೆ ತೊಳೆಯುತ್ತಿದ್ದಳು.

ಸರ್ಕಲಿನ ಹತ್ತಿರ ಅವನು ನಿಂತುಕೊಂಡ. ಜನ ದಾಟುತ್ತಿದ್ದರು, ಸಿಗ್ನಲಿನ ದೀಪ ಯಾವುದು ಉರಿದಿದೆ ಅಂತ ಗೊತ್ತಾಗದೆ ಜನರ ಕಾಲು ನೋಡಿ ದಾಟಿದ. ಇದೂ ಈಚೆಗೆ ಶುರುವಾದ ಅಭ್ಯಾಸ, ಇದಕ್ಕೂ ಹೆಸರಿಟ್ಟಿರಲಿಲ್ಲ. ಎದುರಿನ ಕಟ್ಟಡದ ಮೆಟ್ಟಿಲಿಗೆ ಕೂರಿಸಿದ ಕಪ್ಪು ಕಲ್ಲು, ಕಲ್ಲಿನ ಮೇಲೆ ಉಳಿಯ ಸಾಲು ಸಾಲು ಗೀರು. ಮೇಸ್ತ್ರಿಗೆ ಗೀರು ನೋಡಿದರೆ ಉಳಿ ಕಾಣುತ್ತದೆ, ಉಳಿ ಕಂಡರೆ ಅದನ್ನು ಮಾಡಿದ ಬೆಂಕಿ ಕಾಣುತ್ತದೆ. ಕಲ್ಲನ್ನು ಕರಗಿಸಿ ಕಬ್ಬಿಣ ತೆಗೆಯುತ್ತಾರೆ, ಆ ಕಬ್ಬಿಣ ಹೋಗಿ ಕಲ್ಲನ್ನೇ ತಿದ್ದುತ್ತದೆ. ಮಗ ದೊಡ್ಡವನಾಗಿ ತಾಯಿಯ ತಲೆ ಬಾಚಿದ ಹಾಗೆ ಅಂತ ಅಪ್ಪ ಹೇಳುತ್ತಿದ್ದರು. ಕಾದ ಕಬ್ಬಿಣವನ್ನು ಇಟ್ಟು ಬಡಿಯುವ ಅಷ್ಟು ದೊಡ್ಡ ಕಬ್ಬಿಣದ ದಿಮ್ಮಿಗೆ ಹೆಸರೇನು? ಅಡಿಗಲ್ಲು. ಕಬ್ಬಿಣದ್ದಾಗಿ ಎಷ್ಟು ಕಾಲವಾಯಿತೋ, ನಾಲಿಗೆ ಮಾತ್ರ ಇನ್ನೂ ಕಲ್ಲು ಅಂತಲೇ ಕರೆಯುತ್ತದೆ. ಶಾಲೆಯಿಂದ ಒಮ್ಮೆ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದರು. ಗಾಜಿನ ಪೆಟ್ಟಿಗೆಯಲ್ಲಿ ಒಂದು ಕಲ್ಲಿನ ಕೊಡಲಿ, ಹಿಡಿಯಿಲ್ಲದ್ದು, ಅಂಗೈಯಲ್ಲಿ ಹಿಡಿದು ಹೊಡೆಯುವಂಥದ್ದು. ಹೆಬ್ಬೆರಳು ಕೂರುವ ಕಡೆ ಸ್ವಲ್ಪ ತಗ್ಗು ಮಾಡಿದ್ದರು. ಉಳಿದ ಮಕ್ಕಳೆಲ್ಲ ಮುಂದೆ ಹೋದರೂ ಅಕ್ಕ ತಮ್ಮ ಇಬ್ಬರೂ ಅದರ ಮುಂದೆಯೇ ನಿಂತಿದ್ದರು. ಅದನ್ನು ಕೊನೆಯ ಸಲ ಹಿಡಿದವನ ಹೆಬ್ಬೆರಳು ಈಗಷ್ಟೇ ಎದ್ದು ಹೋದ ಹಾಗಿತ್ತು. “ಇದಕ್ಕೆ ಯಾರು ಹದ ಹಾಕಿದ್ದು?” ಅಂತ ಅಕ್ಕ ಮೇಷ್ಟ್ರನ್ನು ಕೇಳಿ ಬೈಸಿಕೊಂಡಳು. ಸಂಜೆ ಅಪ್ಪನನ್ನು ಕೇಳಿದಳು. ಅಪ್ಪ, “ಅದಕ್ಕೆ ಬೆಟ್ಟವೇ ಹದ ಹಾಕಿ ಕಳಿಸಿರುತ್ತೆ ಮಗಳೇ, ನಾವು ಹಾಕೋ ಹಾಗಿಲ್ಲ” ಅಂದರು. ಮೇಸ್ತ್ರಿ ಆ ಮಾತನ್ನು ಬಾಯೊಳಗೇ ಹೇಳಿಕೊಳ್ಳುತ್ತಾ ನಡೆದ, ಯಾರದೋ ಭುಜ ತಾಗಿ ಬೈಸಿಕೊಂಡ.

ಟೀ ಅಂಗಡಿಯ ಮುಂದೆ ‘ಗಡುಸು’ ಕೂತಿದ್ದ. ಅವನೂ ಕಲ್ಲು ಕೆತ್ತುವವನೇ, ಸಮಾಧಿಗಳ ಮೇಲಿನ ಅಕ್ಷರ ಕೆತ್ತುತ್ತಾನೆ. ಆ ಅಡ್ಡಹೆಸರಿಟ್ಟವನು ಮೇಸ್ತ್ರಿಯೇ. ಹಿಂದೊಮ್ಮೆ ಕುಲುಮೆಗೆ ಬಂದು, “ಮೇಸ್ತ್ರಿ, ಆವತ್ತಿನ ಉಳಿ ಸ್ವಲ್ಪ ಗಡುಸಾಯ್ತೇನೋ” ಅಂತ ತಲೆ ಕೆರೆದುಕೊಂಡಿದ್ದ. ನಾಲ್ಕು ಜನ ಇದ್ದರು. “ಗಡುಸಾಗಿರೋದು ನಿನ್ನ ಕೈ ಕಣೋ, ಹದ ಅನ್ನೋದು ನಮ್ಮ ರಕ್ತದಲ್ಲಿದೆ, ನೀನು ನನಗೆ ಹೇಳಿಕೊಡಬೇಡ” ಅಂತ ಇವನು ಅಂದಿದ್ದ. ಎಲ್ಲರೂ ನಕ್ಕಿದ್ದರು. ಅವನೂ ನಕ್ಕು ಎದ್ದು ಹೋದವನು ಮತ್ತೆ ಬರಲಿಲ್ಲ. ಈಗ ಹದವೇ ಬೇಡದ ಕಾರ್ಬೈಡ್ ತುದಿಯ ಉಳಿಗಳು ಅಂಗಡಿಯಲ್ಲೇ ಸಿಗುತ್ತವಲ್ಲ, ಎಲ್ಲರೂ ಅದಕ್ಕೇ ಹೋದರು ಅಂತ ಮೇಸ್ತ್ರಿ ತನಗೆ ತಾನೇ ಹೇಳಿಕೊಂಡಿದ್ದ. ಒಬ್ಬೊಬ್ಬರಾಗಿ ಬರುವುದು ನಿಂತಾಗಲೂ ಕಾರ್ಬೈಡನ್ನೇ ಬೈದಿದ್ದ. ಈಗ ತಲೆ ತಗ್ಗಿಸಿ ದಾಟಿಹೋಗಬೇಕು ಅನ್ನುವಷ್ಟರಲ್ಲಿ ಅವನೇ ಕರೆದ.

“ಬನ್ನಿ ಮೇಸ್ತ್ರಿ, ಟೀ ಕುಡಿಯೋಣ. ಏನು, ಬಿಳೀ ಅಂಗಿ ಹಾಕ್ಕೊಂಡು ಭರ್ಜರಿಯಾಗಿ ಹೊರಟಿದ್ದೀರಿ?”

ಮೇಸ್ತ್ರಿ ಹತ್ತಿರ ಹೋದ, ಕೂರಲಿಲ್ಲ. “ಆವತ್ತು ಉಳಿ ಗಡುಸಾಯ್ತು ಅಂದ್ಯಲ್ಲ,” ಅಂದ. “ಮುರೀತಾ ಅದು?”

“ಅಯ್ಯೋ ಬಿಡಿ, ಹಳೇ ಮಾತು.”

“ಹೇಳು ಮಾರಾಯ.”

ಅವನು ಟೀ ಲೋಟ ಕೆಳಗಿಟ್ಟು ಕೆನ್ನೆಯನ್ನು ಬೆಳಕಿಗೆ ತಿರುಗಿಸಿದ. ಕಣ್ಣಿನ ಕೆಳಗೆ, ಎಲುಬಿನ ಮೇಲೆ, ಅಕ್ಕಿಕಾಳಿನಷ್ಟು ಒಂದು ಗುಳಿ. “ಚೂರು ಹಾರಿ ಬಂತು. ಒಂಚೂರು ಮೇಲೆ ಬಿದ್ದಿದ್ರೆ ಒಂಟಿಗಣ್ಣ ಆಗ್ತಿದ್ದೆ. ಪುಣ್ಯ ಗಟ್ಟಿ ಇತ್ತು.” ಸುಮ್ಮನೆ ಹೇಳಿದ, ದೂರುವ ಹಾಗೆ ಹೇಳಲಿಲ್ಲ. ಆಮೇಲೆ ಲೋಟ ಎತ್ತಿಕೊಂಡು, “ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮೆಲ್ಲರ ಉಳಿ ಮುರೀತಿದ್ದವು, ನಿಮ್ಮ ಭಾವನದು ಮಾತ್ರ ಒಂದೂ ಮುರಿಯಲ್ಲ. ಅವರಿಗೆ ಬೇರೆ ಹದ ಹಾಕ್ಕೊಡ್ತೀರೇನೋ ಅಂತ ನಾವೆಲ್ಲ ಮಾತಾಡ್ಕೋತಿದ್ವಿ. ತಪ್ಪೇನಿಲ್ಲ ಬಿಡಿ, ನೆಂಟರು ನೆಂಟರೇ” ಅಂದ.

ಎಲ್ಲರಿಗೂ ಒಂದೇ ಬೆಂಕಿ, ಒಂದೇ ನೀರು, ಮೇಸ್ತ್ರಿ ಹಾಕುತ್ತಿದ್ದದ್ದು ಒಂದೇ ಹದ. ಅದನ್ನು ಹೇಳಿದರೆ ಯಾರು ನಂಬುತ್ತಾರೆ? ಅವನ ಕೆನ್ನೆಯ ಗುಳಿಯನ್ನು ಮುಟ್ಟಬೇಕು ಅನ್ನಿಸಿತು, ಮುಟ್ಟಲಿಲ್ಲ. “ತಪ್ಪಾಯ್ತು ಕಣಪ್ಪ” ಅಂದ. ಅಷ್ಟು ಸಣ್ಣಗೆ ಅಂದನೆಂದರೆ ಅವನಿಗೆ ಕೇಳಿಸಲಿಲ್ಲ, “ಆಂ?” ಅಂದ. ಎರಡನೇ ಸಲ ಹೇಳುವ ಧೈರ್ಯ ಬರದೆ ಮೇಸ್ತ್ರಿ ನಡೆದುಬಿಟ್ಟ.

ಬಿಸಿಲು ಓರೆಯಾಗುತ್ತಿತ್ತು. ನೆರಳುಗಳು ಗೋಡೆಯಿಂದ ಇಳಿದು ಬೀದಿಗೆ ಕಾಲು ಚಾಚಿದ್ದವು. ಬೇಗ ನಡೆಯಬೇಕು, ಆದರೆ ಕಾಲು ಕನಸಿನಲ್ಲಿ ಓಡುವವನ ಕಾಲಿನ ಹಾಗೆ ಏಳುತ್ತಲೇ ಇಲ್ಲ. ಹೋಗಿ ಏನಂತ ಹೇಳುವುದು? ಒಂದು ಸಲ ಹೇಳಿದರೆ ಮುಗಿಯಿತು. ಕುರುಡ ಮೇಸ್ತ್ರಿ ಅಂತ ಜನ ಆಡಿಕೊಳ್ಳುವುದಿಲ್ಲ, ಜನ ಅಷ್ಟು ಕೆಟ್ಟವರಲ್ಲ. ಮರುಕಪಡುತ್ತಾರೆ. ಪಾಪ, ಎಂಥ ಕೈ ಇತ್ತು ಅನ್ನುತ್ತಾರೆ. ‘ಇತ್ತು’ ಅನ್ನುವ ಮಾತು ಕಿವಿಗೆ ಬೀಳುವ ಮೊದಲು ಸತ್ತರೂ ಆದೀತು. ಕಣ್ಣಿನ ಡಾಕ್ಟರಿದ್ದಾರೆ, ಪೊರೆ ತೆಗೆಯುತ್ತಾರೆ, ಇದು ಯಾವ ಘನಂದಾರಿ ಕಾಯಿಲೆಯೂ ಅಲ್ಲ ಅಂತ ಅವನಿಗೂ ಗೊತ್ತು. ಆದರೆ ಡಾಕ್ಟರ ಹತ್ತಿರ ಹೋಗಬೇಕಾದರೆ ಮೊದಲು ಮನೆಯಲ್ಲಿ ಹೇಳಬೇಕು, ಹೇಳಬೇಕಾದರೆ ಇಷ್ಟು ದಿನ ಕೊಟ್ಟ ಉಳಿಗಳ ಬಗ್ಗೆಯೂ ಹೇಳಬೇಕು. ಕಬ್ಬಿಣದ ಬಾಗಿಲಿನ ಗೋದಾಮಿನ ಪಕ್ಕ ತಿರುಗುವಾಗ, ಒಂದು ಯೋಚನೆ ಮೆಲ್ಲಗೆ ಬಂದು ಜೊತೆಗೆ ನಡೆಯತೊಡಗಿತು. ಉಳಿ ಅಂದಮೇಲೆ ಮುರಿಯುತ್ತದೆ. ಕಲ್ಲಿನೊಳಗೆ ಗಂಟಿತ್ತು ಅನ್ನಬಹುದು, ಉಕ್ಕೇ ಸರಿಯಿರಲಿಲ್ಲ ಅನ್ನಬಹುದು. ಹದ ತಪ್ಪಿತ್ತು ಅಂತ ಮುರಿದ ಚೂರು ಬಾಯಿಬಿಟ್ಟು ಹೇಳುವುದಿಲ್ಲ. ವಾಪಸು ಹೋಗಿ ಅಂಗಿ ಬಿಚ್ಚಿ ಮಲಗಿದರೆ, ಇಲ್ಲಿಗೆ ಬಂದದ್ದೇ ಯಾರಿಗೂ ಗೊತ್ತಾಗುವುದಿಲ್ಲ. ಈ ಯೋಚನೆ ಬಂದದ್ದು ಬೇರೆ ಯಾರಿಗೋ ಅನ್ನುವ ಹಾಗೆ ಅವನು ನಿಂತು ಅದನ್ನು ನೋಡಿದ. ಆಮೇಲೆ ಓಡಿದ. ಮುದಿ ಮನುಷ್ಯ ಬಿಳೀ ಅಂಗಿಯಲ್ಲಿ ಓಡುವುದನ್ನು ನೋಡಿ ಬಾಗಿಲ ಬಳಿ ನಿಂತಿದ್ದ ಹೆಂಗಸು ಪಕ್ಕಕ್ಕೆ ಸರಿದಳು.

ಭಾವನ ಶೆಡ್ಡಿನ ತಗಡಿನ ಮಾಡು ಕಾಣಿಸುವ ಮೊದಲೇ ಸದ್ದು ಕೇಳಿಸಿತು. ಟಿಣ್. ಟಿಣ್. ಶುರುವಾಗಿಬಿಟ್ಟಿತ್ತು. ಒಳಗೆ ಬಂದು ಕಲ್ಲಿನ ಪುಡಿಯ ಮೇಲೆ ನಿಂತ. ಮಾಡಿನ ಸಂದಿಯಿಂದ ಬಿದ್ದ ಬಿಸಿಲು ಕಲ್ಲಿನ ಹೆಂಗಸಿನ ಕೆನ್ನೆಯ ಮೇಲೆ ಓರೆಯಾಗಿ ಮಲಗಿತ್ತು. ಅಟ್ಟಣೆಯ ಮೇಲೆ ನಿಂತ ಭಾವ ಅವಳಿಗೆ ಗುಟ್ಟು ಹೇಳುವವರ ಹಾಗೆ ಮುಖ ಹತ್ತಿರ ಇಟ್ಟಿದ್ದರು. ಕನ್ನಡಕ ಹಣೆಯ ಮೇಲಿತ್ತು. ಒಂದು ರೆಪ್ಪೆ ಆಗಲೇ ಅರ್ಧ ತೆರೆದಿತ್ತು. ಮೇಸ್ತ್ರಿ ಬಾಯಿ ತೆರೆದ, ದನಿ ಹೊರಡಿಸಲಿಲ್ಲ. ಈಗ ಕೂಗಿದರೆ ಭಾವ ಬೆಚ್ಚುತ್ತಾರೆ, ಬೆಚ್ಚಿದರೆ ಕೈ ಜಾರುತ್ತದೆ. ಉಳಿಯನ್ನು ಎತ್ತುವವರೆಗೆ ಕಾಯಬೇಕು. ಕಾದ. ಸುತ್ತಿಗೆ ಬೀಳುವಾಗಲೆಲ್ಲ ಇವನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಮುಚ್ಚಿದ ಕಣ್ಣಿನೊಳಗೆ ಸದ್ದು ಮಾತ್ರ ಉಳಿಯಿತು, ಆಗ ಅವನಿಗೆ ಕೇಳಿಸಿತು. ಗಡುಸಾದ ಉಳಿ ಚೀರುತ್ತದೆ, ತೆಳ್ಳಗೆ, ಹಲ್ಲು ಜುಮ್ಮೆನ್ನುವ ಹಾಗೆ. ಇದು ಚೀರುತ್ತಿರಲಿಲ್ಲ. ತುಂಬಿದ ಪಾತ್ರೆಗೆ ಬೆರಳಿನಿಂದ ತಟ್ಟಿದ ಹಾಗೆ, ಒಳಗೆ ಎಲ್ಲ ಸರಿಯಿರುವ ದನಿ. ಮತ್ತೆ ಕೇಳಿದ. ಅದೇ. ತಪ್ಪಾಗಿಲ್ಲ. ಹದ ಸರಿಯಾಗಿದೆ. ನನ್ನ ಕಣ್ಣು ಹೋದರೂ ಕೈ ತಪ್ಪಿಲ್ಲ, ರಕ್ತದಲ್ಲಿದೆ ಅಂದದ್ದು ಸುಳ್ಳಲ್ಲ. ಸಂತೋಷಕ್ಕೆ ಪಕ್ಕದ ದಿಮ್ಮಿಯ ಮೇಲೆ ಕೂತುಬಿಟ್ಟ.

ಭಾವ ಉಳಿ ಎತ್ತಿ ಪುಡಿ ಊದಿದರು, ತಿರುಗಿ ನೋಡಿದರು. “ಏನಪ್ಪಾ ಬಾಮೈದ, ನಿನ್ನ ಉಳಿಗೆ ಕಾವಲು ಬಂದ್ಯಾ? ನೋಡು, ಬೆಣ್ಣೆ ತೆಗೆದ ಹಾಗೆ ಹೋಗ್ತಿದೆ.” ಅಟ್ಟಣೆಯ ಮೇಲಿಂದಲೇ ಬಗ್ಗಿ ಉಳಿಯನ್ನು ಅವನ ಕೈಗೆ ಕೊಟ್ಟು, ಕುತ್ತಿಗೆ ನೀವಿಕೊಂಡರು.

ಮೇಸ್ತ್ರಿ ಅದರ ಅಂಚನ್ನು ಹೆಬ್ಬೆರಳಲ್ಲಿ ಸವರಿದ. ಹಳೇ ಅಭ್ಯಾಸದಂತೆ ಮೂಗಿನ ಹತ್ತಿರ ತಂದ. ಎಣ್ಣೆಯ ವಾಸನೆ. ಕುಲುಮೆಯ ಎಣ್ಣೆಯಲ್ಲ, ಅಡುಗೆಯ ಎಣ್ಣೆ, ಕರಿದು ಕರಿದು ಉಳಿದದ್ದು. ಅವನು ಹದ ಹಾಕುವುದು ನೀರಿನಲ್ಲಿ, ಅಪ್ಪನ ಕಾಲದಿಂದಲೂ ಬರೀ ನೀರಿನಲ್ಲಿ. ಬೆಳಿಗ್ಗೆ ಈ ಉಳಿ ಅವನ ಕೈಯಿಂದ ಹೋಗುವಾಗ ಇದಕ್ಕೆ ಯಾವ ವಾಸನೆಯೂ ಇರಲಿಲ್ಲ. ಉಳಿಯನ್ನು ವಾಪಸು ಕೊಟ್ಟು ಎದ್ದ. “ಕನ್ನಡಕ ಇಳಿಸ್ಕೊಳ್ಳಿ ಭಾವ” ಅಂದ. ಅವರು ಏನೋ ಅಂದರು, ಅವನು ಆಗಲೇ ಶೆಡ್ಡಿನ ಹಿಂದಿನ ಮನೆಯ ಕಡೆ ನಡೆದಿದ್ದ.

ಅಡುಗೆಮನೆಯಲ್ಲಿ ಅಕ್ಕ ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದಳು. ಒಲೆಯ ಮೇಲೆ ಕಬ್ಬಿಣದ ಬಾಣಲೆ, ಬಾಣಲೆಯ ತುಂಬ ಮರಳು, ಮರಳಿನಲ್ಲಿ ಹೂತಿಟ್ಟ ಒಂದು ಉಳಿ, ಹೋದ ವಾರ ಇವನು ಕೊಟ್ಟದ್ದು. ಅದರ ತುದಿ ಮಾತ್ರ ಹೊರಗೆ ಇಣುಕುತ್ತಿತ್ತು, ಉಜ್ಜಿ ಬೆಳ್ಳಗೆ ಮಾಡಿದ್ದಳು. ಪಕ್ಕದಲ್ಲಿ ಎಣ್ಣೆಯ ಬಟ್ಟಲು, ಪಾತ್ರೆ ಹಿಡಿಯುವ ಇಕ್ಕಳ. ಗಡುಸಾದ ಉಳಿಯನ್ನು ಮೆಲ್ಲಗೆ ಬಿಸಿ ಮಾಡಿ ಸರಿಯಾದ ಬಣ್ಣಕ್ಕೆ ಇಳಿಸುವುದು. ಅಷ್ಟೇ ಕೆಲಸ. ಬೆಳಿಗ್ಗೆ ಬೆಳಕಿಗೆ ಹಿಡಿದು ಚೆನ್ನಾಗಿದೆ ಅಂದದ್ದು, ಚೀಲ ಹಿಡಿದು ತಾನೇ ಬರುತ್ತಿದ್ದದ್ದು, ಭಾವನ ಉಳಿ ಮಾತ್ರ ಮುರಿಯದಿದ್ದದ್ದು, ಎಲ್ಲ ಒಂದರ ಹಿಂದೆ ಒಂದು ಬಂದು ಅವನ ಎದೆಯ ಮೇಲೆ ಕೂತವು.

“ಎಷ್ಟು ದಿನದಿಂದ?” ಅಂದ.

ಅಕ್ಕ ಬೆಚ್ಚಲಿಲ್ಲ, ತಿರುಗಲೂ ಇಲ್ಲ. “ಊಟ ಆಯ್ತಾ ಅಂತ ಫೋನು ಮಾಡಿದಾಗಲೇ ಅಂದ್ಕೊಂಡೆ, ಇವನು ಬರ್ತಾನೆ ಅಂತ.”

“ಎಷ್ಟು ದಿನದಿಂದ ಅಕ್ಕ?”

“ದಿನ ಯಾರು ಎಣಿಸಿದ್ರು. ಒಂದು ಉಳಿ ಅವರ ಕೈಯಲ್ಲಿ ಮುರೀತು. ಚೂರು ನೋಡಿದೆ, ಹುಲ್ಲೇ ಬಂದಿರಲಿಲ್ಲ. ಅವತ್ತಿಂದ.”

“ಭಾವನಿಗೆ ಗೊತ್ತಾ?”

“ಗೊತ್ತಿದ್ರೂ ಗೊತ್ತಿಲ್ಲದ ಹಾಗಿರೋದು ಅವರಿಗೆ ಚೆನ್ನಾಗಿ ಗೊತ್ತು.”

ನಾಚಿಕೆಯಿಂದ ಅವನ ಕಿವಿ ಸುಡುತ್ತಿತ್ತು. ನಾಚಿಕೆಯ ಹಿಂದೆಯೇ ಕೋಪ ಬಂತು. “ನನಗೆ ಹೇಳಬಾರದಿತ್ತಾ? ನಾನೇನು ಮಗುವಾ? ಆ ಗಡುಸಿನ ಕೆನ್ನೆ ನೋಡ್ಕೊಂಡು ಬಂದೆ ಈಗ. ಚೂರು ಹಾರಿ ಗುಳಿ ಬಿದ್ದಿದೆ. ನೀನು ನಿನ್ನ ಗಂಡನ ಉಳಿ ಸರಿ ಮಾಡ್ಕೊಂಡೆ, ಅವನದನ್ನ ಯಾರು ಮಾಡಬೇಕಿತ್ತು?”

ಈಗ ಅಕ್ಕ ತಿರುಗಿದಳು. ಅವಳ ಮುಖ ಇವನಿಗೆ ಹಳದಿಯಾಗಿ, ಮಂದವಾಗಿ ಕಂಡಿತು, ಅಳುತ್ತಿದ್ದಾಳೋ ಇಲ್ಲವೋ ತಿಳಿಯಲಿಲ್ಲ. “ಅದು ನನ್ನ ತಪ್ಪು” ಅಂದಳು. “ಹೇಳಬೇಕು ಅಂತಲೇ ಬರ್ತಿದ್ದೆ ಪ್ರತಿ ಸಲ. ನೀನು ಬೆಂಕಿ ಮುಂದೆ ಕೂತು ಇಕ್ಕಳ ತಿರುಗಿಸ್ತಾ ಇರ್ತೀಯಲ್ಲ, ಥೇಟ್ ಅಪ್ಪನ ಹಾಗೆ. ನೋಡಿದ್ರೆ ಬಾಯೇ ಬರ್ತಿರಲಿಲ್ಲ. ಟೀ ಕುಡಿದು ಬರ್ತಿದ್ದೆ.”

ಶೆಡ್ಡಿನಿಂದ ಟಿಣ್ ಟಿಣ್ ಬರುತ್ತಲೇ ಇತ್ತು. ಬೆನ್ನು ಅಡ್ಡ ಹಾಕಿ ಕೂತಿದ್ದ ತನ್ನನ್ನು, ಹಿಂದೆ ಪಾತ್ರೆ ತೊಳೆಯುತ್ತಿದ್ದ ಅವಳನ್ನು, ಮೇಸ್ತ್ರಿ ಈಗ ಈ ಬಾಗಿಲಿನಲ್ಲಿ ನಿಂತು ನೋಡಿದ ಹಾಗಾಯಿತು. ಅವಳಿಗೆ ಆಗಲೂ ಎಲ್ಲ ಕಾಣುತ್ತಿದ್ದಿರಬೇಕು. ಹೊರಟುಹೋಗಬೇಕು ಅಂತ ಒಂದು ಹೆಜ್ಜೆ ಹಿಂದಿಟ್ಟ. ಆದರೆ ಒಲೆಯ ಮೇಲೆ ಉಳಿ ಕಾಯುತ್ತಿತ್ತು, ಅಕ್ಕ ಅದಕ್ಕೆ ಬೆನ್ನು ಹಾಕಿ ಇವನನ್ನೇ ನೋಡುತ್ತಾ ನಿಂತಿದ್ದಳು, ಬಣ್ಣ ಯಾರಿಗೂ ಕಾಯುವುದಿಲ್ಲ. ಅವನು ಒಳಗೆ ಬಂದು, ಬಿಳೀ ಅಂಗಿಯ ತೋಳು ಮಡಚಿ, ಬಟ್ಟಲಿನ ಪಕ್ಕದಲ್ಲಿದ್ದ ಇಕ್ಕಳ ತೆಗೆದುಕೊಂಡ. ಉಳಿಯನ್ನು ಕಚ್ಚಿ ಹಿಡಿದ. ಅದು ಪಾತ್ರೆಯ ಇಕ್ಕಳ, ಹಿಡಿತ ಸಾಲದು, ಆದರೂ ಕೈ ಅದಕ್ಕೆ ಹೊಂದಿಕೊಂಡಿತು.

“ಏನು ಬಣ್ಣ?” ಅಂತ ಕೇಳಿದ. ಹುಟ್ಟಿದಾಗಿನಿಂದ ಅವನು ಅವಳನ್ನು ಈ ಪ್ರಶ್ನೆ ಕೇಳಿರಲಿಲ್ಲ.

ಅಕ್ಕ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಪಕ್ಕಕ್ಕೆ ಬಂದು ಬಾಣಲೆಯ ಮೇಲೆ ಬಗ್ಗಿದಳು. “ತಡಿಯೋ ಹಸಿರಾ,” ಅಂದಳು. “ಇನ್ನೂ ಬಿಳಿ.”

ಅವನ ಕಣ್ಣಿಗೆ ಅದು ಆಗಲೇ ಒಣಹುಲ್ಲಾಗಿತ್ತು. ಅಂಚಿನವರೆಗೂ ಹುಲ್ಲು, ಅದ್ದು ಅದ್ದು ಅಂತ ಕೈ ಹೇಳುತ್ತಿತ್ತು. ಅವನು ಅದ್ದಲಿಲ್ಲ. ಕೈಯನ್ನು ಬಿಗಿಹಿಡಿದು ನಿಂತ.

“ಇನ್ನೂ...” ಅಂದಳು ಅಕ್ಕ.

ಅವನು ಕಾದ.

“ಈಗ.”

ಅವನು ಅದ್ದಿದ.